ಎ.ವಿ. ರಸ್ತೆಯ ‘ವಿ’

ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದ ಜಯನಗರದವರು ಇರಲಾರರು. ಫಲಪುಷ್ಪ ಪ್ರದರ್ಶನ ಬಂತೆಂದರೆ ಮಕ್ಕಳ ಕೈ ಹಿಡಿದು ಸಾಲಿನಲ್ಲಿ ನಿಲ್ಲುವುದು ಅಲ್ಲಿನ ರೂಢಿ. ಆ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟವನು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಚಾಮರಾಜಪೇಟೆಯ ದೊಡ್ಡ ರಸ್ತೆಗೂ ಅವನ ಹೆಸರೇ ಬಂದು, ಜನರ ಬಾಯಲ್ಲಿ ಅದು ಎ.ವಿ. ರಸ್ತೆಯಾಯಿತು.

ಈ ‘ವಿಕ್ಟರ್’ ಅಪ್ಪಟ ಲ್ಯಾಟಿನ್ ಪದ. ಆ ಭಾಷೆಯಲ್ಲಿ ‘ವಿಂಕೆರೆ’ ಎಂದರೆ ಗೆಲ್ಲುವುದು, ‘ವಿಕ್ಟರ್’ ಎಂದರೆ ಗೆದ್ದವನು, ‘ವಿಕ್ಟೋರಿಯಾ’ ಎಂದರೆ ಗೆಲುವು. ರೋಮನ್ನರ ವಿಜಯದೇವತೆಯೂ ವಿಕ್ಟೋರಿಯಾಳೇ. ಚಕ್ರವರ್ತಿ ಕಾನ್‌ಸ್ಟಂಟೈನ್ 324ರಲ್ಲಿ ‘ವಿಕ್ಟರ್’ ಎಂಬುದನ್ನು ಬಿರುದಾಗಿ ಧರಿಸಿದ. ಅದಕ್ಕೂ ಮೊದಲೇ, ಎರಡನೆಯ ಶತಮಾನದ ಕೊನೆಗೆ, ಪೋಪ್ ಒಬ್ಬರಿಗೆ ಈ ಹೆಸರಿತ್ತು. ರಣರಂಗದ ಗೆಲುವು ಕ್ರೈಸ್ತರಲ್ಲಿ ಪಾಪದ ಮೇಲಿನ, ಸಾವಿನ ಮೇಲಿನ ಗೆಲುವಾಯಿತು. ಆದರೆ 1819ರಲ್ಲಿ ರಾಣಿ ಹುಟ್ಟಿದಾಗ ಇಂಗ್ಲೆಂಡಿನವರಿಗೆ ವಿಕ್ಟೋರಿಯಾ ಎಂಬುದು ಪರದೇಶದ ಹೆಸರು. ಅದು ಜರ್ಮನಿಯಿಂದ ಬಂದ ತಾಯಿಯ ಹೆಸರು. ತನ್ನ ಮತ್ತು ಗಂಡನ ಹೆಸರುಗಳು ವಂಶದಲ್ಲಿ ಉಳಿಯಬೇಕೆಂಬುದು ರಾಣಿಯ ಹಟ. ಹಾಗಾಗಿ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಆದ.

ನಮ್ಮ ಜಯಣ್ಣ, ವಿಜಯಮ್ಮನವರ ಹೆಸರಿನ ಅರ್ಥವೂ ಇದೇ. ಜಯಚಾಮರಾಜ ಒಡೆಯರ ಹೆಸರಿನ ಜಯನಗರಕ್ಕೂ ಅದೇ ಅರ್ಥ. ಆದರೆ ಸಂಸ್ಕೃತದ ‘ಜಿ’ ಧಾತುವಿಗೂ ಲ್ಯಾಟಿನ್ನಿನ ‘ವಿಂಕೆರೆ’ಗೂ ನಂಟಿಲ್ಲ. ಫಲ ಒಂದೇ, ಬೇರು ಬೇರೆ.

ಗೆದ್ದವನೆಂಬ ಹೆಸರಿನ ರಾಜಕುಮಾರ ಗೆದ್ದದ್ದೇನೂ ಇಲ್ಲ. 1892ರ ಜನವರಿಯಲ್ಲಿ, 28ರ ಪ್ರಾಯದಲ್ಲೇ, ಆ ಕಾಲದ ಇನ್‌ಫ್ಲುಯೆಂಜಾ ಪಿಡುಗಿಗೆ ಬಲಿಯಾದ. ಸಿಂಹಾಸನ ತಮ್ಮ ಜಾರ್ಜನ ಪಾಲಾಯಿತು. ಮದುವೆ ಗೊತ್ತಾಗಿದ್ದ ಹುಡುಗಿಯೂ ಜಾರ್ಜನ ಕೈಹಿಡಿದಳು.

ಮುಂದೆ ರಸ್ತೆಗೆ ಆಲೂರು ವೆಂಕಟರಾಯರ ಹೆಸರಿಟ್ಟರು. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು, ಚದುರಿಹೋಗಿದ್ದ ನಾಡನ್ನು ಎಚ್ಚರಿಸಿದ ಕುಲಪುರೋಹಿತರು ಅವರು. ಹೆಸರು ಯೋಗ್ಯವಾದದ್ದೇ, ಎರಡು ಮಾತಿಲ್ಲ. ಎ.ವಿ. ಹಾಗೇ ಉಳಿದದ್ದರಿಂದ ಅಂಚೆಯವನಿಗೂ ತೊಂದರೆಯಾಗಲಿಲ್ಲ. ತಮಾಷೆಯೆಂದರೆ, ಈ ಹೊಂದಿಕೆ ಇರುವುದು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ. ಕನ್ನಡದಲ್ಲಿ ಆಲೂರರು ‘ಆ.ವೆಂ.’ ಆಗುತ್ತಾರೆ. ಜೀವಮಾನವೆಲ್ಲ ಕನ್ನಡಕ್ಕಾಗಿ ದುಡಿದವರನ್ನು ಎ.ವಿ. ಎಂದು ಮೊಟಕುಗೊಳಿಸಿದರೆ, ಕಿವಿಗೆ ಬೀಳುವುದು ಯಾರ ಹೆಸರು? ಪೂರ್ತಿಯಾಗಿ ‘ಆಲೂರು ವೆಂಕಟರಾವ್ ರಸ್ತೆ’ ಎನ್ನಲು ಹಿಡಿಯುವುದು ಎರಡು ಕ್ಷಣ. ರಾಜಕುಮಾರನಿಗೆ ಲಾಲ್‌ಬಾಗಿನ ಅಡಿಗಲ್ಲು ಇದ್ದೇ ಇದೆ.