ಮನೆಯ ಕಡಲತೊಟ್ಟಿಯಲ್ಲಿ ಚಪ್ಪಟೆ ಹುಳುಗಳ ಹಾವಳಿ

ಕಾಶೀಯಾತ್ರೆ ಮಾಡಿಬಂದ ಕನ್ನಡಿಗರಿಗೆ ವಾರಾಣಸಿಯ ಬಂಗಾಲಿ ಟೋಲಾ ಅಪರಿಚಿತವಲ್ಲ. ಗಂಗೆಯ ಘಾಟುಗಳ ಬೆನ್ನಿಗೇ ಸಾಗುವ ಇಕ್ಕಟ್ಟಾದ ಓಣಿ ಅದು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡವರೂ ಆ ಹಾದಿಯನ್ನು ತುಳಿದಿರುತ್ತಾರೆ. ಸಮುದ್ರವೋ ಅಲ್ಲಿಂದ ನೂರಾರು ಮೈಲಿ ದೂರ. ಅಂಥ ಓಣಿಯ ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಕಡಲ ಮೀನುಗಳನ್ನು ಸಾಕಬಯಸುವವನು ಸಮುದ್ರವನ್ನೇ ಅಳೆದು ತೂಗಿ ತಯಾರಿಸಿಕೊಳ್ಳಬೇಕು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣಮಿಶ್ರಣವನ್ನು ಕರಗಿಸಬೇಕು. ಬೇಸಗೆಯಲ್ಲಿ 45 ಡಿಗ್ರಿ ಮುಟ್ಟುವ ಆ ಊರಿನಲ್ಲಿ ತೊಟ್ಟಿಯ ನೀರನ್ನು ಮಾತ್ರ 25-26 ಡಿಗ್ರಿಯಲ್ಲಿ ಕಾಯ್ದಿರಿಸಬೇಕು. ವಿದ್ಯುತ್ತು ಕೈಕೊಟ್ಟರೆ ಗಾಳಿಯ ಪಂಪು ನಿಲ್ಲುತ್ತದೆ. ಇಷ್ಟೆಲ್ಲ ಶ್ರಮಪಟ್ಟು ನಿಲ್ಲಿಸಿದ ತೊಟ್ಟಿಯ ಗಾಜಿನ ಮೇಲೆ ಒಂದು ದಿನ ಕಂದುಗೆಂಪು ಬಣ್ಣದ ಚುಕ್ಕೆಗಳು ಕಾಣಿಸಿಕೊಂಡು ಹರಿದಾಡತೊಡಗಿದರೆ ಮನೆಯವರು ಗಾಬರಿಗೊಳ್ಳುವುದು ಸಹಜವೇ. ಮುಂಬಯಿ, ಕೋಲ್ಕತ್ತಗಳ ಫ್ಲ್ಯಾಟುಗಳಲ್ಲಿಯೂ ಈ ತೊಂದರೆ ಇದ್ದದ್ದೇ.

ಈ ಹುಳುಗಳು ಕೆಲವೇ ಮಿಲಿಮೀಟರ್ ಉದ್ದದವು, ಎಲೆಯಂತೆ ಚಪ್ಪಟೆ. ಬಾಲದ ತುದಿ ಮೂರು ಕವಲಾಗಿದ್ದರೆ ಅದು ಕಾನ್ವೊಲ್ಯೂಟ್ರಿಲೋಬ ಜಾತಿಯದೆಂದು ಊಹಿಸಬಹುದು. ಈಚಿನ ಜೀವಶಾಸ್ತ್ರಜ್ಞರು ಇದನ್ನು ನಿಜವಾದ ಚಪ್ಪಟೆ ಹುಳುಗಳ ವಂಶದಿಂದ ಬೇರ್ಪಡಿಸಿದ್ದಾರೆ. ಮೀನು ಸಾಕುವವರು ಮಾತ್ರ ಹಳೆಯ ಹೆಸರನ್ನೇ ಬಳಸುತ್ತಾರೆ. ಇದರ ಒಡಲಿನೊಳಗೆ ಸೂಕ್ಷ್ಮವಾದ ಪಾಚಿಗಳು ನೆಲೆಸಿರುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹುಳುವಿಗೂ ಪಾಲು ಕೊಡುತ್ತವೆ. ಆದ್ದರಿಂದಲೇ ಹುಳುಗಳು ಬೆಳಕು ಬೀಳುವೆಡೆ ಗುಂಪುಗೂಡುತ್ತವೆ. ಸ್ವೀಡನ್ನಿನ ವಿಜ್ಞಾನಿಗಳು 1988ರಲ್ಲಿ ವರ್ಣಿಸಿದ ಒಂದು ಪ್ರಭೇದದಲ್ಲಿ ತಾಯಿಯ ಹಿಂಭಾಗದಲ್ಲಿ ಮರಿಯು ಮೊಗ್ಗಿನಂತೆ ಮೂಡುತ್ತದೆ, ಅದೂ ತಾಯಿಗೆ ವಿರುದ್ಧ ದಿಕ್ಕಿಗೆ ಮುಖಮಾಡಿ. ಗಂಡು ಹೆಣ್ಣುಗಳ ಸಮಾಗಮ ಬೇಕಿಲ್ಲ. ಒಂದೇ ಹುಳು ಸಾಕು. ಮರಿಗೆ ಮರಿ ಸೇರಿ ಚಕ್ರಬಡ್ಡಿಯಂತೆ ಸಂಖ್ಯೆ ಏರುತ್ತದೆ.

ಹಿರಿಯರಿರುವ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಇದು ಮಕ್ಕಳ ಹೊಟ್ಟೆ ಸೇರುವ ಹುಳುವೇ ಎಂಬುದು. ಅಲ್ಲ. ಲಾಡಿಹುಳುವಿನಂತೆ ಮನುಷ್ಯನ ಕರುಳಿನಲ್ಲಿ ಇದು ಬದುಕಲಾರದು. ಸಿಹಿನೀರಿನಲ್ಲಿ ಅದ್ದಿದರೂ ಬೇಗನೆ ಸಾಯುವ ಪ್ರಾಣಿ ಇದು. ಮೀನುಗಳಿಗೂ ಇದರಿಂದ ನೇರವಾದ ಬಾಧೆ ಅಲ್ಪವೇ. ಹವಳದಂಥ ಜೀವಿಗಳನ್ನು ಕವಿದುಕೊಂಡು ಬೆಳಕನ್ನು ತಡೆಯುವುದು ಇದರ ಮುಖ್ಯ ಅಪರಾಧ. ನಿಜವಾದ ಗಂಡಾಂತರ ಬೇರೆ ಕಡೆ ಇದೆ: ಹುಳುಗಳು ರಾಶಿರಾಶಿಯಾಗಿ ಒಮ್ಮೆಲೇ ಸತ್ತಾಗ ಅವುಗಳ ದೇಹದಿಂದ ವಿಷ ಹೊರಬೀಳುತ್ತದೆ. ಹುಳುಗಳೊಡನೆ ಬಾಳಿದ ಮೀನುಗಳು ಹುಳುಗಳಿಗೆ ಹಾಕಿದ ಮದ್ದಿನ ಮರುಗಳಿಗೆಯಲ್ಲೇ ಪ್ರಾಣಬಿಡುವುದು ಈ ಕಾರಣದಿಂದ. ಅವಸರದ ಚಿಕಿತ್ಸೆಯು ರೋಗಕ್ಕಿಂತ ಘೋರ.

ಆದ್ದರಿಂದ ಮೊದಲ ಕೆಲಸ ಕೈಯಿಂದ ಆಗತಕ್ಕದ್ದು. ತೊಟ್ಟಿಯ ಒಂದು ಮೂಲೆಗೆ ಮಾತ್ರ ದೀಪ ಹಿಡಿದರೆ ಹುಳುಗಳು ಅಲ್ಲಿ ನೆರೆಯುತ್ತವೆ. ಆಗ ಸಣ್ಣ ಕೊಳವೆಯ ಸೈಫನ್ನಿನಿಂದ ಅವನ್ನು ಬಕೆಟ್ಟಿಗೆ ಇಳಿಸಬೇಕು. ದಿನ ಬಿಟ್ಟು ದಿನ, ಎರಡು ಮೂರು ವಾರ ಹೀಗೆ ಮಾಡುವ ತಾಳ್ಮೆ ಬೇಕು. ಹೊರತೆಗೆದಷ್ಟು ನೀರಿಗೆ ಹೊಸ ಉಪ್ಪುನೀರನ್ನು ತುಂಬಬೇಕು. ಜೊತೆಗೆ ಮೀನಿನ ಆಹಾರವನ್ನು ಕಡಿಮೆಮಾಡಬೇಕು. ತಿಂದು ಮಿಕ್ಕ ಆಹಾರ ಕೊಳೆತು ಸೂಕ್ಷ್ಮಜೀವಿಗಳನ್ನು ಬೆಳೆಸುತ್ತದೆ. ಹುಳುಗಳು ಅವನ್ನೂ ತಿನ್ನುತ್ತವೆ. ಅತಿಥಿಗಳು ಬಂದಾಗಲೆಲ್ಲ ಮಕ್ಕಳು ಚಿಟಿಕೆ ಚಿಟಿಕೆ ಆಹಾರ ಎಸೆಯುವ ಮನೆಯಲ್ಲಿ ಹುಳು ಕಡಿಮೆಯಾಗುವುದಿಲ್ಲ. ಆರು ಗೆರೆಯ ವ್ರಾಸ್ ಎಂಬ ಪುಟ್ಟ ಮೀನು ಹುಳುಗಳನ್ನು ತಿನ್ನುವುದುಂಟು, ಆದರೆ ಎಲ್ಲ ಮೀನೂ ತಿನ್ನುವುದೆಂಬ ಭರವಸೆಯಿಲ್ಲ. ಇವನ್ನೇ ತಿಂದು ಬದುಕುವ ಒಂದು ಜಾತಿಯ ಕಡಲಗೊಂಡೆಹುಳುವೂ ಉಂಟು. ಹುಳು ಮುಗಿದೊಡನೆ ಪಾಪ, ಅದು ಹಸಿವಿನಿಂದ ಸಾಯುತ್ತದೆ.

ಕಣ್ಣಿಗೆ ಕಾಣುವ ಹುಳುಗಳು ವಿರಳವಾದ ಮೇಲೆ ಮದ್ದಿನ ಮಾತು. ದನಕುರಿಗಳ ಜಂತುಹುಳುವಿಗೆ ಕೊಡುವ ಲೆವಮಿಸೋಲ್ ಇದಕ್ಕೂ ಬಳಕೆಯಲ್ಲಿದೆ. ಪ್ರಮಾಣವನ್ನು ಮದ್ದಿನ ಚೀಟಿಯಂತೆಯೇ ಹಾಕಬೇಕು, ಆದರೆ ತೊಟ್ಟಿಯ ನೀರನ್ನು ಸರಿಯಾಗಿ ಲೆಕ್ಕಹಾಕಿ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಗೆ ಗುಣಾಕಾರದಿಂದ 182 ಲೀಟರ್ ಬರುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗಗಳನ್ನು ಕಳೆದರೆ ನಿಜವಾದ ನೀರು 150ರ ಆಸುಪಾಸು ಇದ್ದೀತು. ಮದ್ದು ಹಾಕುವ ಮುನ್ನವೇ ತೊಟ್ಟಿಯ ಕಾಲುಭಾಗದಷ್ಟಾದರೂ ಉಪ್ಪುನೀರು, ಸೋಸುಯಂತ್ರಕ್ಕೆ ಹೊಸ ಸಕ್ರಿಯ ಇದ್ದಿಲು, ಜೋರಾದ ಗಾಳಿಯ ಪಂಪು ಇವೆಲ್ಲ ಸಿದ್ಧವಿರತಕ್ಕದ್ದು. ವಿದ್ಯುತ್ತು ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು. ಹುಳುಗಳು ಸಾಯುತ್ತಿದ್ದಂತೆ ಅವನ್ನು ಎಳೆದು ತೆಗೆಯುತ್ತಿರಬೇಕು. ಅನಂತರ ಇದ್ದಿಲನ್ನು ಹಾಕಿ, ನೀರು ಬದಲಿಸಬೇಕು. ಉಳಿದ ಒಂದೆರಡು ಹುಳುಗಳಿಂದ ಸಂತತಿ ಮತ್ತೆ ಏಳುವುದರಿಂದ ಒಂದು ವಾರದ ಮೇಲೆ ಇನ್ನೊಮ್ಮೆ ಇದೇ ಕ್ರಮ.

ಹುಳು ಒಳಬರುವ ದಾರಿ ಸಾಮಾನ್ಯವಾಗಿ ಹವಳ ಮತ್ತು ಸಮುದ್ರದಿಂದ ಕಿತ್ತ ಕಲ್ಲು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ನಮ್ಮ ಕಡಲಿನಿಂದ ಕಿತ್ತು ಗುಟ್ಟಾಗಿ ಮಾರುವ ಹವಳವನ್ನು ಕೊಂಡವನು ಹುಳುವಿನ ಜೊತೆಗೆ ಮೊಕದ್ದಮೆಯನ್ನೂ ಮನೆಗೆ ತಂದಂತೆ. ಸುಟ್ಟ ಮಣ್ಣಿನ ಒಣ ಕಲ್ಲುಗಳನ್ನು ಬಳಸಿದರೆ ಎರಡೂ ತಪ್ಪುತ್ತವೆ. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಮೇಲು. ಮೀನಿನ ಚರ್ಮಕ್ಕೆ ಅಂಟುವ ಬೇರೊಂದು ಚಪ್ಪಟೆ ಹುಳು ಉಂಟು. ಅದು ರಕ್ತಬೀಜಾಸುರನ ವಂಶ. ಅದರ ಲಕ್ಷಣ, ಮೀನು ಕಲ್ಲಿಗೆ ಮೈ ಉಜ್ಜುವುದು. ಆಗ ತೊಟ್ಟಿಯಷ್ಟೇ ಉಷ್ಣತೆಯ ಸಿಹಿನೀರಿನಲ್ಲಿ ಸುಮಾರು ಐದು ನಿಮಿಷದ ಸ್ನಾನ ಹಿತಕರ.

ತೊಟ್ಟಿಯ ಕೆಲಸ ಮಾಡುವವರ ಆರೋಗ್ಯದ ಮಾತನ್ನೂ ಹೇಳಬೇಕು. ಸೈಫನ್ ಕೊಳವೆಯನ್ನು ಬಾಯಿಂದ ಹೀರಿ ನೀರು ಹರಿಸುವ ಅಭ್ಯಾಸ ಬಿಡತಕ್ಕದ್ದು. ಲೆವಮಿಸೋಲ್ ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಅಪಾಯಕರವಾಗಿ ಇಳಿಸುವ ಔಷಧ. ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇಡಬೇಕು. ಕೈಯಲ್ಲಿ ಗಾಯವಿದ್ದಾಗ ರಬ್ಬರಿನ ಕೈಚೀಲ ಧರಿಸುವುದು ಅವಶ್ಯ. 1926ರಲ್ಲಿ ಫಿಲಡೆಲ್ಫಿಯಾ ನಗರದ ಮತ್ಸ್ಯಾಲಯದ ಮೀನುಗಳಲ್ಲಿ ಗುರುತಿಸಲಾದ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಜೀವಾಣುವು, ಕ್ಷಯದ ಜೀವಾಣುವಿನ ದಾಯಾದಿ, ಇಂಥ ಗಾಯಗಳ ಮೂಲಕ ಒಳಸೇರುತ್ತದೆ. ಕೆಲವು ವಾರಗಳ ಮೇಲೆ ಬೆರಳಿನಲ್ಲೋ ಮುಂಗೈಯಲ್ಲೋ ಗಂಟುಗಳು ಏಳುತ್ತವೆ. ಸಾಧಾರಣ ಮುಲಾಮಿಗೆ ಅವು ಮಾಯುವುದಿಲ್ಲ, ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ಮೀನಿನ ತೊಟ್ಟಿಯಿದೆಯೆಂಬುದನ್ನು ತಾವಾಗಿಯೇ ತಿಳಿಸಬೇಕು, ಅವರು ಕೇಳಲಿಕ್ಕಿಲ್ಲ.