ಪ್ಯಾನೆಲ್ ಒಳಗಿನ ಹೊಸೂರು

ಅತ್ತಿಬೆಲೆ ದಾಟಿ ಜೂಜುವಾಡಿ ಸೇರುತ್ತಿದ್ದಂತೆ ಬೋರ್ಡುಗಳು ತಮಿಳಿಗೆ ತಿರುಗುತ್ತವೆ. ಮಾತು ಅಷ್ಟು ಬೇಗ ತಿರುಗುವುದಿಲ್ಲ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಳರಸ್ತೆಯ ಟೀ ಅಂಗಡಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೇ ಕಿವಿಗೆ ಬೀಳುತ್ತವೆ. 1980ರ ದಶಕದಲ್ಲಿ ಬೇರೂರಿದ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ಗಳ ದೊಡ್ಡ ಗೇಟುಗಳನ್ನು ಈ ಹೆದ್ದಾರಿಯಲ್ಲಿ ಓಡಾಡಿದವರೆಲ್ಲ ಬಲ್ಲರು. ಅವುಗಳ ಆಚೆಗಿನ ಶೀಟಿನ ಶೆಡ್ಡುಗಳಲ್ಲಿ ಒಂದೊಂದು ಕೆಲಸಕ್ಕೆಂದೇ ಯಂತ್ರ ಕಟ್ಟುವ ಎಸ್‌ಪಿಎಂ ತಯಾರಕರಿದ್ದಾರೆ, ಆ ಯಂತ್ರಗಳನ್ನು ನಡೆಸುವ ಕಂಟ್ರೋಲ್ ಪ್ಯಾನೆಲ್ ಮಾಡುವವರಿದ್ದಾರೆ. ನಾನು ನೋಡಲು ಬಂದದ್ದು ಈ ಪ್ಯಾನೆಲ್‌ಗಳನ್ನು.

ಶೆಡ್ಡಿನಲ್ಲಿ ಅರ್ಧ ವೈರಿಂಗ್ ಆದ ಪೆಟ್ಟಿಗೆಯೊಂದು ಬಾಗಿಲು ತೆರೆದು ನಿಂತಿದೆ. 35 ಮಿಲಿಮೀಟರ್ ಡಿನ್ ರೈಲಿನ ಮೇಲೆ ಪವರ್ ಸಪ್ಲೈ ಕೊಡುವ ಎಸ್‌ಎಂಪಿಎಸ್, ಅದರ ಪಕ್ಕ ಯಂತ್ರಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಕೆಳಗೆ ಉದ್ದಕ್ಕೆ ಟರ್ಮಿನಲ್‌ಗಳು. ತಳಿ ಕಡೆಯ ಹುಡುಗನೊಬ್ಬ ವೈರಿನ ತುದಿಗೆ ಫೆರೂಲ್ ಏರಿಸುತ್ತಾ, ‘ಪಿಎಲ್‌ಸಿ ಸುಮ್ಮನೆ ಸುಡಲ್ಲ ಸಾರ್, ಹೊರಗಿಂದ ಬಂದದ್ದೇ ಸುಡೋದು’ ಅಂದ. ಅವನ ಮಾತು ನಿಜ. ಪ್ರೊಸೆಸರ್ ಕೆಡುವುದು ಅಪರೂಪ. ಕೆಡುವುದು ಹೆಚ್ಚಾಗಿ ವಾಲ್ವ್, ಮೋಟಾರು, ಸೆನ್ಸರ್‌ಗಳ ಜೊತೆ ನೇರ ಸಂಬಂಧವಿರುವ ಇನ್‌ಪುಟ್-ಔಟ್‌ಪುಟ್ ಮತ್ತು ಪವರ್ ಸಪ್ಲೈ.

ಮೊದಲ ಪ್ರಶ್ನೆ ಔಟ್‌ಪುಟ್‌ನದು: ರಿಲೇಯೋ ಟ್ರಾನ್ಸಿಸ್ಟರೋ? ರಿಲೇ ಆದರೆ 230 ವೋಲ್ಟ್ ಎಸಿಯನ್ನೂ 24 ವೋಲ್ಟ್ ಡಿಸಿಯನ್ನೂ ಓಡಿಸುತ್ತದೆ. ಕೊಳ್ಳುವವರಿಗೆ ಅದೇ ಸಲೀಸು ಅನ್ನಿಸುತ್ತದೆ. ಆದರೆ ಪುಟ್ಟ ರಿಲೇಯ ಕಾಂಟ್ಯಾಕ್ಟ್ ಪೂರ್ಣ ಲೋಡಿನಲ್ಲಿ ತಾಳುವುದು ಸಾಮಾನ್ಯವಾಗಿ ಲಕ್ಷದ ಆಸುಪಾಸಿನ ಸಲ. ಶೆಡ್ಡಿನಲ್ಲಿದ್ದ ಯಂತ್ರ ಆರು ಸೆಕೆಂಡಿಗೊಮ್ಮೆ ವಾಲ್ವ್ ತೆರೆಯುವಂಥದು. ಮೂರು ಶಿಫ್ಟ್ ಓಡಿದರೆ ದಿನಕ್ಕೆ 14,400 ಸಲ. ಲಕ್ಷ ಮುಗಿಯಲು ಒಂದು ವಾರ ಸಾಕು. ಲೋಡು ಹಗುರವಾದರೆ ಆಯುಸ್ಸು ಹಲವು ಪಟ್ಟು ಹೆಚ್ಚುತ್ತದೆ, ನಿಜ. ಆದರೂ ಈ ವೇಗಕ್ಕೆ ಟ್ರಾನ್ಸಿಸ್ಟರ್ ಔಟ್‌ಪುಟ್ಟೇ ಸರಿ. ಅದಕ್ಕೆ ಸವೆಯುವ ಕಾಂಟ್ಯಾಕ್ಟ್ ಇಲ್ಲ.

ಹಾಗಂತ ಟ್ರಾನ್ಸಿಸ್ಟರ್ ಗಟ್ಟಿ ಪಿಂಡವೇನಲ್ಲ. ಸೊಲೆನಾಯ್ಡ್ ಕಾಯಿಲ್ ಆಫ್ ಆದ ಗಳಿಗೆಯಲ್ಲಿ ನೂರಾರು ವೋಲ್ಟಿನ ಸ್ಪೈಕ್ ಹಿಮ್ಮುಖವಾಗಿ ನುಗ್ಗುತ್ತದೆ. ಹುಡುಗ ನೋಸ್ ಪ್ಲೈಯರ್‌ನಿಂದ ಡಯೋಡಿನ ಕಾಲು ಬಗ್ಗಿಸಿ, ಬೆಳ್ಳಿಗೆರೆ ಪ್ಲಸ್ ಕಡೆ ಬರುವಂತೆ ಕಾಯಿಲ್‌ಗೆ ಅಡ್ಡ ಕಟ್ಟಿದ. 1ಎನ್4007, ಬೆಲೆ ಒಂದೆರಡು ರೂಪಾಯಿ. ತಿರುಗಿಸಿ ಕಟ್ಟಿದರೆ ಶಾರ್ಟ್. ದೊಡ್ಡ ಲೋಡುಗಳಿಗೆ ನಡುವೆ ಪ್ಲಗ್-ಇನ್ ರಿಲೇ ಇಡುತ್ತಾರೆ. ಅದು ಸುಟ್ಟರೆ ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ನೇ ಕಿತ್ತು ಬೇರೆಯದು ಹಾಕುತ್ತಾನೆ, ಪ್ರೋಗ್ರಾಂ ಬಲ್ಲ ಇಂಜಿನಿಯರನ್ನು ಎಬ್ಬಿಸಬೇಕಿಲ್ಲ.

ಸೆನ್ಸರ್‌ನಲ್ಲಿ ಪಿಎನ್‌ಪಿ, ಎನ್‌ಪಿಎನ್ ಎಂಬ ಎರಡು ಬಣಗಳು: ಆನ್ ಆದಾಗ ಮೊದಲನೆಯದು ಪ್ಲಸ್ ವೋಲ್ಟ್ ಕೊಡುತ್ತದೆ, ಎರಡನೆಯದು ವೈರನ್ನು ಜೀರೋ ವೋಲ್ಟಿಗೆ ಎಳೆಯುತ್ತದೆ. ಹಳೆಯ ಜಪಾನಿ ಯಂತ್ರಗಳ ಜೊತೆ ಎನ್‌ಪಿಎನ್ ಬಂತು, ಯುರೋಪಿನವರದು ಪಿಎನ್‌ಪಿ. ಹೊಸ ಯಂತ್ರಕ್ಕೆ ನನ್ನ ಮತ ಪಿಎನ್‌ಪಿಗೆ. ಎನ್‌ಪಿಎನ್ ವೈರಿನ ಸಿಪ್ಪೆ ಸವೆದು ಯಂತ್ರದ ಮೈಗೆ ತಾಗಿದರೆ ಪಿಎಲ್‌ಸಿ ಅದನ್ನು ‘ಆನ್’ ಎಂದೇ ಓದಬಹುದು, ಸಿಲಿಂಡರ್ ಸುಮ್ಮಸುಮ್ಮನೆ ಮುಂದೆ ಬರಬಹುದು. ಜೀರೋ ವೋಲ್ಟನ್ನು ಅರ್ಥ್ ಮಾಡಿದ ಪಿಎನ್‌ಪಿ ಪ್ಯಾನೆಲ್‌ನಲ್ಲಿ ಅದೇ ತಪ್ಪು ‘ಆನ್’ ಆಗಿ ಕಾಣುವುದಿಲ್ಲ; ಫ್ಯೂಸ್ ಹೋಗಬಹುದು. ಎಮರ್ಜೆನ್ಸಿ ಸ್ಟಾಪ್ ಅಂತೂ ಪ್ರೋಗ್ರಾಂನ ಮರ್ಜಿಯಲ್ಲಿ ಇರಲೇಕೂಡದು. ನೇರ ವೈರಿನಿಂದ ಸೇಫ್ಟಿ ರಿಲೇಗೆ ಹೋಗಿ ಪವರ್ ಕಡಿಯಬೇಕು.

ಬಿಡಿಭಾಗ ಗ್ರೈಂಡಿಂಗ್ ಮಾಡುವ ಶಾಪ್‌ಗಳಲ್ಲಿ ಫ್ಯಾನ್ ಇಟ್ಟ ಪ್ಯಾನೆಲ್ ಕಂಡರೆ ಭಯವಾಗುತ್ತದೆ. ಫಿಲ್ಟರ್ ಬದಲಿಸುವುದು ಮರೆತರೆ ಕಬ್ಬಿಣದ ಪುಡಿ, ಕೂಲಂಟಿನ ಮಂಜು ಎಲ್ಲ ಒಳಗೇ. 1968-69ರಲ್ಲಿ ಅಮೆರಿಕದಲ್ಲಿ ಡಿಕ್ ಮಾರ್ಲೆ ತಂಡ ಕಟ್ಟಿದ ಮೊದಲ ಪಿಎಲ್‌ಸಿ ಮೋಡಿಕಾನ್ 084ಕ್ಕೇ ಫ್ಯಾನ್ ಇರಲಿಲ್ಲ. ಆ ಬುದ್ಧಿ ಈಗಲೂ ಹಳತಾಗಿಲ್ಲ: ಪೆಟ್ಟಿಗೆಯನ್ನೇ ದೊಡ್ಡದು ಮಾಡಿ, ಮುಚ್ಚಿಡಿ.

ಶೂಳಗಿರಿ ದಾಟಿ ಕೃಷ್ಣಗಿರಿಗೆ ಇಳಿದರೆ ಲೆಕ್ಕಾಚಾರ ಬದಲಾಗುತ್ತದೆ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ 500ರ ಆಸುಪಾಸಿನಲ್ಲಿ; ಸೆಖೆ ಮೈಗೇ ತಿಳಿಯುತ್ತದೆ. ಇಲ್ಲಿಯದು ತೋತಾಪುರಿ ಮಾವಿನ ಪಲ್ಪ್ ಕಾರ್ಖಾನೆಗಳ ಸೀಮೆ. ಸೀಸನ್ನಿನ ಕೆಲವೇ ವಾರಗಳಲ್ಲಿ ಹಗಲುರಾತ್ರಿ ಓಡಬೇಕು, ಆಮೇಲೆ ತಿಂಗಳುಗಟ್ಟಲೆ ನಿದ್ದೆ. ಪಿಎಲ್‌ಸಿಗಳ ಮೇಲೆ ಸಾಮಾನ್ಯವಾಗಿ 55 ಡಿಗ್ರಿವರೆಗೆ ಎಂದು ಬರೆದಿರುತ್ತದೆ. ಅದು ಪ್ಯಾನೆಲ್ ಒಳಗಿನ ಶಾಖ, ಹೊರಗಿನದಲ್ಲ. ಹೊರಗೆ 40, ಪಕ್ಕದಲ್ಲಿ ಸ್ಟೀಮ್ ಪೈಪು, ಒಳಗೆ ಮೋಟಾರಿನ ವೇಗ ಹಿಡಿಯುವ ಡ್ರೈವ್ ಇದ್ದರೆ 55 ದೂರವಿಲ್ಲ. ಎಸ್‌ಎಂಪಿಎಸ್‌ನ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡ್ರೈವನ್ನು ಪಿಎಲ್‌ಸಿಯ ಕೆಳಗೆ ಕೂರಿಸಿದರೆ ಅದರ ಬಿಸಿಗಾಳಿ ನೇರ ಮೇಲಕ್ಕೇರುತ್ತದೆ. ಎಷ್ಟೋ ಕಡೆ ಹಾಗೇ ಕೂರಿಸಿರುತ್ತಾರೆ.

ನೀರಿನ ಕಾಟ ಬೇರೆ. ಪಾಳಿ ಮುಗಿದ ಮೇಲೆ ಹೋಸ್ ಹಿಡಿದು ನೆಲ, ಯಂತ್ರ ಎಲ್ಲ ತೊಳೆಯುತ್ತಾರೆ. ಕೇಬಲ್ ಪ್ಯಾನೆಲ್‌ನ ತಲೆಯಿಂದ ಇಳಿದರೆ ನೀರೂ ಅದರ ಜೊತೆ ಇಳಿಯುತ್ತದೆ. ತಳದ ಗ್ಲಾಂಡ್‌ನಿಂದಲೇ ತರಬೇಕು. ಸ್ಟೆರಿಲೈಸರಿನ ತಾಪಮಾನಕ್ಕೆ 0-10 ವೋಲ್ಟ್ ಸಿಗ್ನಲ್‌ಗಿಂತ 4-20 ಮಿಲಿಆಂಪಿಯರ್ ಕ್ಷೇಮ. ವೋಲ್ಟ್ ಸಿಗ್ನಲಿನ ವೈರ್ ತುಂಡಾದರೆ ಪಿಎಲ್‌ಸಿ ಸೊನ್ನೆ ಡಿಗ್ರಿ ಎಂದು ತಿಳಿದು ಸ್ಟೀಮ್ ವಾಲ್ವನ್ನು ಪೂರಾ ತೆರೆದುಬಿಡಬಹುದು. 4-20ರಲ್ಲಿ ವೈರ್ ತುಂಡಾದರೆ ಸಿಗ್ನಲ್ 4ಕ್ಕಿಂತ ಬಹಳ ಕೆಳಗೆ, ಸೊನ್ನೆಗೇ ಇಳಿಯುತ್ತದೆ; ಅದನ್ನು ಹಿಡಿದು ಅಲಾರಂ ಕೊಡಬಹುದು. ದಿನಕ್ಕೆ ಹತ್ತಿಪ್ಪತ್ತು ಸಲ ಮಾತ್ರ ಆನ್ ಆಗುವ ಪಂಪುಗಳಿಗೆ ಇಲ್ಲಿ ರಿಲೇ ಔಟ್‌ಪುಟ್ ಧಾರಾಳ ಸಾಕು. ಹೊಸೂರಿಗೆ ಒಗ್ಗದ್ದು ಕೃಷ್ಣಗಿರಿಗೆ ಒಗ್ಗುತ್ತದೆ.

ಹೊಸ ಯಂತ್ರಕ್ಕೆ ಆರ್ಡರ್ ಕೊಡುವವರು ಪಿಎಲ್‌ಸಿ ಯಾವ ಬ್ರ್ಯಾಂಡ್ ಎಂದು ಕೇಳಿ ಸುಮ್ಮನಾಗಬೇಡಿ. ಔಟ್‌ಪುಟ್ ಯಾವ ಬಗೆ, ಕಾಯಿಲ್‌ಗಳಿಗೆ ಡಯೋಡ್ ಇದೆಯೇ, ಮಧ್ಯಾಹ್ನ ಮೂರಕ್ಕೆ ಪ್ಯಾನೆಲ್ ಒಳಗೆ ಎಷ್ಟು ಡಿಗ್ರಿ ಇರುತ್ತದೆ, ಕೇಬಲ್ ಎಲ್ಲಿಂದ ಬರುತ್ತದೆ ಎಂದು ಕೇಳಿ. ಉತ್ತರಗಳನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿ.