ಪಟ್ಟವೇರಿ ಇಳಿದ ಜಾಂಗ್ ಹೀಬಿನ್

ಮಗಳ ಬಾಣಂತನಕ್ಕೆ ಅರಮನೆಗೆ ಹೊರಟಿದ್ದ ತಾಯಿಯ ಪಲ್ಲಕ್ಕಿಯನ್ನು ಅಧಿಕಾರಿಗಳು ತಡೆದು, ಆಳುಗಳನ್ನು ದಂಡಿಸಿದರು. ಕೀಳು ದರ್ಜೆಯ ಇಂಥ ಹೆಂಗಸಿಗೆ ಮುಚ್ಚುಪಲ್ಲಕ್ಕಿಯ ಮರ್ಯಾದೆ ಯಾಕೆ ಎಂಬುದು ಅವರ ತಕರಾರು. ಅದು 1688ರ ಕೊರಿಯಾ, ಜೊಸನ್ ವಂಶದ ಆಳ್ವಿಕೆ. ಮಗಳು ಹೆತ್ತದ್ದೋ ದೊರೆ ಸುಕ್‌ಜೊಂಗನ ಮೊದಲ ಗಂಡುಮಗುವನ್ನು! ಸುದ್ದಿ ಕಿವಿಗೆ ಬಿದ್ದದ್ದೇ ದೊರೆ ಕೆಂಡಾಮಂಡಲವಾದ.

ಆ ಮಗಳೇ ಜಾಂಗ್ ಓಕ್‌ಜಂಗ್. ದುಭಾಷಿಗಳ ಮನೆತನದವಳು, ಅರಮನೆಯ ಊಳಿಗಕ್ಕೆ ಬಂದವಳು. ದೊರೆಯ ಕಣ್ಣು ಬಿದ್ದಾಗ ಅವನ ತಾಯಿ ಅವಳನ್ನು ಹೊರಗಟ್ಟಿದ್ದಳು. ಅತ್ತೆ ಸತ್ತ ಮೇಲೇ ಅವಳು ಮರಳಿದ್ದು.

ಜೊಸನ್ ಅಂತಃಪುರದಲ್ಲಿ ಉಪಪತ್ನಿಯರಿಗೆ ಎಂಟು ದರ್ಜೆ. ಕೆಳಗಿನದು ‘ಸುಗ್ವೊನ್’, ಮೇಲಿನದು ‘ಬಿನ್’. ಗಂಡು ಹೆತ್ತರೆ ಬಡ್ತಿ. ಆದರೆ ಆ ಮಗುವಿಗೆ ವಿಧ್ಯುಕ್ತ ತಾಯಿ ಪಟ್ಟದರಸಿಯೇ, ಹೆತ್ತವಳಲ್ಲ.

ಮಗುವಿಗೆ ಉತ್ತರಾಧಿಕಾರಿಯ ಸ್ಥಾನ ಕೊಡಲು ದೊರೆ ಹೊರಟಾಗ ಆಸ್ಥಾನದ ‘ಪಶ್ಚಿಮದವರು’ ಎಂಬ ಪಕ್ಷ ಅಡ್ಡಬಂತು. 1689ರಲ್ಲಿ ಅವರ ಹಿರಿಯ ವಿದ್ವಾಂಸ ಸೊಂಗ್ ಸಿಯೊಲ್ ರಾಜಾಜ್ಞೆಯಂತೆ ವಿಷ ಕುಡಿದ. ಪಟ್ಟದರಸಿ ಇನ್‌ಹ್ಯೊನ್ ಪಟ್ಟ ಕಳೆದುಕೊಂಡು ಮನೆಗೆ ಹೋದಳು. ಮರುವರ್ಷ ಜಾಂಗ್ ಪಟ್ಟಕ್ಕೇರಿದಳು. 1694ರಲ್ಲಿ ದೊರೆಯ ಒಲವು ತಿರುಗಿತು. ಇನ್‌ಹ್ಯೊನ್ ವಾಪಸು ಬಂದಳು, ಜಾಂಗ್ ‘ಹೀಬಿನ್’ ಆಗಿ ಇಳಿದಳು. 1701ರಲ್ಲಿ ಇನ್‌ಹ್ಯೊನ್ ಕಾಯಿಲೆಯಿಂದ ತೀರಿಕೊಂಡಾಗ, ಜಾಂಗ್ ಗುಟ್ಟಾಗಿ ಗುಡಿ ಮಾಡಿಸಿ ಮಾಟ ಹಾಕಿಸಿದಳೆಂದು ಇನ್ನೊಬ್ಬ ಉಪಪತ್ನಿ ಚೋಯೆ ದೊರೆಗೆ ಹೇಳಿದಳಂತೆ. ಪ್ರಾಣ ಬಿಡುವಂತೆ ಜಾಂಗ್‌ಗೆ ಅಪ್ಪಣೆಯಾಯಿತು. ಮುಂದೆ ಯಾವ ಉಪಪತ್ನಿಯೂ ಪಟ್ಟದರಸಿಯಾಗಕೂಡದೆಂಬ ನಿಯಮವೂ ಬಂತು.

ಕೊರಿಯಾದ ಧಾರಾವಾಹಿಗಳಿಗೆ ಇವಳು ಮೆಚ್ಚಿನ ಖಳನಾಯಕಿ. ನನಗೇನೋ ಅವಳಿಗಿಂತ ದೊರೆಯ ಮೇಲೇ ಗುಮಾನಿ. ಪಕ್ಷ ಬದಲಿಸಬೇಕೆನಿಸಿದಾಗಲೆಲ್ಲ ಅವನು ಅರಸಿಯನ್ನೂ ಬದಲಿಸಿದ. 1720ರವರೆಗೆ ನೆಮ್ಮದಿಯಾಗಿ ಆಳಿದ. ಅವನ ಕಾಲದ ರಾಜವೃತ್ತಾಂತ ಬರೆದವರಲ್ಲಿ ಹೆಚ್ಚಿನವರು ಜಾಂಗ್‌ಳ ಎದುರಾಳಿ ಪಕ್ಷದವರು. ಅಂಥವರೂ ಅವಳು ಚೆಲುವೆಯೆಂದು ಒಪ್ಪಿಕೊಂಡಿದ್ದಾರೆ.

ಅವಳ ಮಗ ನಾಲ್ಕೇ ವರ್ಷ ಆಳಿ 1724ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಿಂಹಾಸನ ಸಿಕ್ಕಿದ್ದು ಚೋಯೆಯ ಮಗ ಯೊಂಗ್‌ಜೊಗೆ. ಅವನು 52 ವರ್ಷ ಆಳಿದ. ರಾಜರನ್ನೋ ರಾಜಪದವಿಯ ಗೌರವ ಪಡೆದವರನ್ನೋ ಹೆತ್ತ ಏಳು ಉಪಪತ್ನಿಯರ ಸ್ಮಾರಕ ಗುಡಿಗಳು ಈಗ ಸಿಯೋಲ್‌ನ ಚಿಲ್‌ಗುಂಗ್‌ನಲ್ಲಿ ಒಟ್ಟಿಗಿವೆ. ಒಮ್ಮೆ ಪಟ್ಟದರಸಿಯಾಗಿದ್ದವಳೆಂದು ಜಾಂಗ್‌ಳ ಗುಡಿಗೆ ಮಾತ್ರ ದುಂಡು ಕಂಬಗಳು. ಆ ಆವರಣ ಶುರುವಾದದ್ದು ಮಾತ್ರ ಚೋಯೆಗಾಗಿ ಯೊಂಗ್‌ಜೊ 1725ರಲ್ಲಿ ಕಟ್ಟಿಸಿದ ಗುಡಿಯಿಂದ.